ಬೆಂಗಳೂರು ದೊಡ್ಡದೋ, ಚೆನ್ನೈ ದೊಡ್ಡದೋ? ಮೊದಲು ಗೆರೆ ಎಲ್ಲಿದೆ ಹೇಳಿ

ಮೊನ್ನೆ ಒಂದು ಮದುವೆ ಊಟದಲ್ಲಿ ಹೈದರಾಬಾದಿನ ಭಾವ ಪಕ್ಕದ ಎಲೆಗೆ ಕೂತಿದ್ದರು. ಹೋಳಿಗೆ ಬರುವ ಹೊತ್ತಿಗೆ ಮಾತು ಶುರುವಾಯಿತು. "ನಿಮ್ಮೂರನ್ನ ಐದು ತುಂಡು ಮಾಡಿದ್ರು. ನಮ್ಮೂರು ನೋಡು, ಸುತ್ತಲಿನ 27 ಪುರಸಭೆ, ಪಾಲಿಕೆಗಳನ್ನ ಸೇರಿಸ್ಕೊಳ್ತಿದೆ. ಇನ್ಮೇಲೆ ದೊಡ್ಡ ಊರು ನಮ್ಮದೇ ಕಣಪ್ಪ" ಅಂದರು.

ಭಾವ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂತಿತು. ಅದೇ ವರ್ಷದ ಕೊನೆಯಲ್ಲಿ ತೆಲಂಗಾಣ ಸರ್ಕಾರ ಹೈದರಾಬಾದ್ ಸುತ್ತಲಿನ 27 ಊರುಗಳನ್ನು ಮಹಾನಗರ ಪಾಲಿಕೆಗೆ ಸೇರಿಸುವ ತೀರ್ಮಾನ ಮಾಡಿತು. ಆದರೆ ಇದರಿಂದ ಬೆಂಗಳೂರಿನಲ್ಲಿ ಒಂದು ಮನೆಯೂ ಕಮ್ಮಿಯಾಗಲಿಲ್ಲ, ಹೈದರಾಬಾದಿನಲ್ಲಿ ಒಂದು ಮನೆಯೂ ಜಾಸ್ತಿಯಾಗಲಿಲ್ಲ. ಸರಿದಿದ್ದು ಗೆರೆ. ಊರು ಊರುಗಳನ್ನು ಹೋಲಿಸುವ ಪಟ್ಟಿಗಳಲ್ಲಿ ಮುಕ್ಕಾಲು ಪಾಲು ಈ ಗೆರೆಯ ಆಟವೇ. ವಾಟ್ಸಾಪಿನಲ್ಲಿ ಅಂಥ ಪಟ್ಟಿ ಬಂದಾಗೆಲ್ಲ ನನಗೆ ತಡೆಯೋಕಾಗಲ್ಲ.

2011ರ ಜನಗಣತಿಯನ್ನೇ ನೋಡಿ. ಬಿಬಿಎಂಪಿ ಗಡಿಯೊಳಗೆ ಸುಮಾರು 84 ಲಕ್ಷ ಜನ. ಚೆನ್ನೈ ಪಾಲಿಕೆಯಲ್ಲಿ ಸುಮಾರು 46 ಲಕ್ಷ. ಹೆಚ್ಚೂ ಕಮ್ಮಿ ಎರಡರಷ್ಟು! ಈಗ ಅದೇ ಜನಗಣತಿಯ ಇನ್ನೊಂದು ಪಟ್ಟಿಗೆ ಬನ್ನಿ. ಇದರಲ್ಲಿ ಪಾಲಿಕೆಗೆ ಅಂಟಿಕೊಂಡು ಬೆಳೆದ ಪಟ್ಟಣಗಳನ್ನೂ ಸೇರಿಸಿ ಎಣಿಸುತ್ತಾರೆ. ಇಲ್ಲಿ ಬೆಂಗಳೂರು ಸುಮಾರು 85 ಲಕ್ಷ, ಚೆನ್ನೈ 86 ಲಕ್ಷಕ್ಕೂ ಜಾಸ್ತಿ. ಚೆನ್ನೈ ಮುಂದೆ! ಕೋಲ್ಕತ್ತಾದ್ದು ಇನ್ನೂ ವಿಚಿತ್ರ. ಪಾಲಿಕೆಯೊಳಗೆ 45 ಲಕ್ಷ, ಸುತ್ತಲಿನ ಊರು ಸೇರಿದರೆ 1.41 ಕೋಟಿ. ಒಂದು ಪಟ್ಟಿಯಲ್ಲಿ ಬೆಂಗಳೂರು ದೇಶಕ್ಕೇ ಮೂರನೆಯದು, ಇನ್ನೊಂದರಲ್ಲಿ ಐದನೆಯದು. ಎಣಿಸಿದ್ದು ಅದೇ ಜನರನ್ನೇ, ಅದೇ ವರ್ಷ.

ಕಾರಣ ಸರಳ. ಆಗ ಚೆನ್ನೈ ಪಾಲಿಕೆಯ ಹಳೆಯ ಗಡಿ ಸುಮಾರು 175 ಚದರ ಕಿಲೋಮೀಟರ್ ಮಾತ್ರ ಇತ್ತು. ನಮ್ಮದು 700 ದಾಟಿತ್ತು. ಒಬ್ಬರು ಹಲಸಿನ ತೊಳೆಯನ್ನು ಮಾತ್ರ ತೂಗಿದ್ದಾರೆ, ಇನ್ನೊಬ್ಬರು ಇಡೀ ಹಣ್ಣನ್ನು ತಕ್ಕಡಿಗೆ ಹಾಕಿದ್ದಾರೆ ಅಂದುಕೊಳ್ಳಿ. ಯಾರ ಮರದ ಹಣ್ಣು ದೊಡ್ಡದು ಅಂತ ಆಮೇಲೆ ಜಗಳ ಆಡಿದರೆ ಏನು ಬಂತು? ಜನಸಾಂದ್ರತೆಗೂ ಇದೇ ಕಥೆ. ತೊಳೆ ತೂಗಿದವರ ಊರು ಕಿಕ್ಕಿರಿದ ಹಾಗೆ ಕಾಣುತ್ತದೆ. ಇಡೀ ಹಣ್ಣು ತೂಗಿದವರದ್ದು ಆರಾಮಾಗಿ ಹರಡಿಕೊಂಡ ಹಾಗೆ.

ಇದಕ್ಕಿಂತ ಒಳ್ಳೆಯ ಹೋಲಿಕೆ ನಮ್ಮ ಪಕ್ಕದಲ್ಲೇ ಇದೆ. ರಾಮೋಹಳ್ಳಿ ಹತ್ತಿರದ ದೊಡ್ಡ ಆಲದಮರ ನೋಡಿದ್ದೀರಲ್ವಾ? ಸುಮಾರು ಮೂರು ಎಕರೆ ತುಂಬ ಹಬ್ಬಿದ ಮರ. ಅದರ ತಾಯಿಬೇರು ರೋಗ ಬಂದು ಹೋಗಿದೆ. ಈಗ ನಿಂತು ನೋಡಿದರೆ ಹತ್ತಾರು ಬೇರೆ ಬೇರೆ ಮರಗಳ ತೋಪಿನ ಹಾಗೆ ಕಾಣುತ್ತದೆ. ಬಿಳಲುಗಳೆಲ್ಲ ನೆಲಕ್ಕಿಳಿದು ಕಾಂಡಗಳೇ ಆಗಿವೆ. ಇದು ಒಂದು ಮರವೋ, ಹಲವು ಮರವೋ? ಕಾಂಡ ಎಣಿಸುವವನಿಗೆ ಹಲವು. ಹುಟ್ಟು ನೋಡುವವನಿಗೆ ಒಂದೇ. ಬೇಲಿ ಹಾಕುವವನಿಗೆ ಬೇಲಿ ಎಲ್ಲಿದೆಯೋ ಅಲ್ಲಿಯವರೆಗೆ. ಐದು ಪಾಲಿಕೆಯಾದ ಬೆಂಗಳೂರೂ ಹಾಗೇ.

"ಬೆಂಗಳೂರು ಹತ್ತೇ ವರ್ಷದಲ್ಲಿ ಎರಡರಷ್ಟಾಯಿತು" ಅನ್ನೋ ಮಾತು ಇವತ್ತಿಗೂ ಓಡಾಡುತ್ತಿದೆ. 2001ರಲ್ಲಿ ಪಾಲಿಕೆಯೊಳಗೆ 43 ಲಕ್ಷ, 2011ರಲ್ಲಿ 84 ಲಕ್ಷ. ಲೆಕ್ಕ ಸರಿ, ಅರ್ಥ ತಪ್ಪು. ನಡುವೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದ್ದರು. ಬೊಮ್ಮನಹಳ್ಳಿ, ಯಲಹಂಕ, ಮಹದೇವಪುರದ ಜನ ಅದಕ್ಕೆ ಮೊದಲೂ ಅಲ್ಲೇ ಇದ್ದರು. ನಿಜವಾದ ಬೆಳವಣಿಗೆ ತಿಳಿಯಬೇಕೆಂದರೆ ಗೆರೆ ಸರಿಯದ ಜಾಗ ಹುಡುಕಬೇಕು. ಬೆಂಗಳೂರು ನಗರ ಜಿಲ್ಲೆ ಅಂಥದ್ದು. ಅಲ್ಲಿ 65 ಲಕ್ಷ ಇದ್ದದ್ದು 96 ಲಕ್ಷವಾಯಿತು. ಅಂದರೆ ಏರಿಕೆ ಶೇಕಡಾ 47. ಅದೂ ಬಹಳ ದೊಡ್ಡದೇ. ಆದರೆ ಶೇಕಡಾ 96 ಅಲ್ಲ. ಮಗುವಿನ ಎತ್ತರ ಅಳೆಯುವಾಗ ಎರಡನೇ ಸಲ ಮಣೆ ಮೇಲೆ ನಿಲ್ಲಿಸಿದ ಹಾಗಾಯಿತು ಇದು.

ಬೆಂಗಳೂರಿಗೆ ಇದು ಹೊಸದಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಒಂದು ಕಡೆ. 1809ರಲ್ಲಿ ಬ್ರಿಟಿಷರು ಶುರುಮಾಡಿದ ದಂಡು, ಅಂದರೆ ಕಂಟೋನ್ಮೆಂಟ್, ಇನ್ನೊಂದು ಕಡೆ. ನಡುವೆ ಕಬ್ಬನ್ ಪಾರ್ಕ್. 1862ರಿಂದ ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. 1881ರ ನಂತರ ಕಾಟನ್‌ಪೇಟೆಯವರು ಶಿವಾಜಿನಗರದ ಕಡೆ ಹೋದರೆ ಮಹಾರಾಜರ ಆಡಳಿತ ದಾಟಿ ಬ್ರಿಟಿಷ್ ಆಡಳಿತಕ್ಕೆ ಕಾಲಿಡುತ್ತಿದ್ದರು. ದಂಡು ಮತ್ತೆ ಮೈಸೂರಿಗೆ ಸೇರಿದ್ದು 1947ರಲ್ಲಿ, ಎರಡೂ ಊರು ಸೇರಿ ಒಂದು ಪಾಲಿಕೆಯಾಗಿದ್ದು 1949ರಲ್ಲಿ. ಹಳಬರು ಈಗಲೂ "ದಂಡಿಗೆ ಹೋಗಿ ಬರ್ತೀನಿ" ಅಂತಾರೆ.

ಹಾಗಾದರೆ ಸರಿಯಾದ ಗೆರೆ ಯಾವುದು? ಅಂಟಿಕೊಂಡ ಪಟ್ಟಣಗಳನ್ನು ಸೇರಿಸುವ ಜನಗಣತಿಯ ಪಟ್ಟಿ ಪಾಲಿಕೆ ಪಟ್ಟಿಗಿಂತ ವಾಸಿ. ಅದಕ್ಕೂ ಒಂದು ಕುರುಡು ಇದೆ, ಬೇರೆ ರಾಜ್ಯದ ಊರುಗಳು ಅದಕ್ಕೆ ಕಾಣುವುದಿಲ್ಲ. 2011ರ ದೆಹಲಿಯ 1.63 ಕೋಟಿಯಲ್ಲಿ ಗುರುಗ್ರಾಮವೂ ಇಲ್ಲ, ನೋಯ್ಡಾವೂ ಇಲ್ಲ. ನಮ್ಮ ಕಡೆ ಬೊಮ್ಮಸಂದ್ರ, ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಹೊಸೂರು. ಎಷ್ಟೋ ಜನ ಅಲ್ಲಿ ಮನೆ ಮಾಡಿ ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಬರುತ್ತಾರೆ. ಕಾಗದದ ಮೇಲೆ ಅವರು ಬೆಂಗಳೂರಿನವರಲ್ಲ.

ಜಗತ್ತಿನಲ್ಲೂ ಇದೇ ಗೊಂದಲ. ವಿಶ್ವಸಂಸ್ಥೆಯ 2018ರ ಪಟ್ಟಿಯಲ್ಲಿ ಟೋಕಿಯೊ ಮೊದಲು, ಜಕಾರ್ತಕ್ಕೆ ಸುಮಾರು ಒಂದು ಕೋಟಿ ಜನ. 2025ರ ಪಟ್ಟಿಯಲ್ಲಿ ಜಕಾರ್ತವೇ ಮೊದಲು, ಸುಮಾರು 4.2 ಕೋಟಿ! ಏಳು ವರ್ಷದಲ್ಲಿ ಮೂರು ಕೋಟಿ ಜನ ಬಂದು ಸೇರಿದರೇ? ಇಲ್ಲ. ಈ ಸಲ ಆಡಳಿತದ ಗಡಿಗಳನ್ನು ಬದಿಗಿಟ್ಟು, ನೆಲವನ್ನು ಒಂದೊಂದು ಚದರ ಕಿಲೋಮೀಟರಿನ ಚೌಕಗಳಾಗಿ ಹಂಚಿದರು. 1,500ಕ್ಕಿಂತ ಜಾಸ್ತಿ ಜನ ಇರುವ ಚೌಕಗಳು ಒಂದಕ್ಕೊಂದು ತಾಗಿಕೊಂಡು ಎಲ್ಲಿಯವರೆಗೆ ಹೋಗುತ್ತವೋ ಅಲ್ಲಿಯವರೆಗೆ ಒಂದು ಊರು. ಒಟ್ಟು 50,000 ಜನ ಇದ್ದರೆ ಸಾಕು. ಎಲ್ಲ ದೇಶಕ್ಕೂ ಒಂದೇ ಅಳತೆ. ನನಗೆ ಇದು ಬಹಳ ಇಷ್ಟವಾಯಿತು.

ದುಡ್ಡಿನ ಹೋಲಿಕೆಗೆ ಬಂದರೆ ಕಷ್ಟ ಇನ್ನೂ ಜಾಸ್ತಿ. ಸಂಪಾದನೆಯನ್ನು ಎಣಿಸುವುದು ಕೆಲಸದ ಜಾಗದಲ್ಲಿ, ಜನರನ್ನು ಎಣಿಸುವುದು ಮಲಗುವ ಜಾಗದಲ್ಲಿ. ಮದ್ದೂರು, ಚನ್ನಪಟ್ಟಣ, ರಾಮನಗರದಿಂದ ಪಾಸ್ ಮಾಡಿಸಿಕೊಂಡು ರೈಲಿನಲ್ಲಿ ಬರುವವರ ದುಡಿಮೆ ಇಲ್ಲಿಯ ಲೆಕ್ಕಕ್ಕೆ, ತಲೆ ಅಲ್ಲಿಯ ಲೆಕ್ಕಕ್ಕೆ. ಇದರ ತುತ್ತತುದಿ ಲಂಡನ್ನಿನ ಹಳೇ ಸಿಟಿ. ಅಲ್ಲಿ ವಾಸ ಇರುವವರು ಸುಮಾರು 8,600, ಕೆಲಸಕ್ಕೆ ಬರುವವರು 5 ಲಕ್ಷಕ್ಕೂ ಜಾಸ್ತಿ. ತಲಾ ಆದಾಯ ಅಂತ ಭಾಗಿಸಿದರೆ ಯಾವ ಅರ್ಥವೂ ಇಲ್ಲದ ಅಂಕಿ ಸಿಗುತ್ತದೆ. ತೆರಿಗೆ ನೋಡೋಣವೆಂದರೆ ಅದೂ ಮೋಸ. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದ್ದರೆ, ಹುಬ್ಬಳ್ಳಿಯಲ್ಲಿ ಗಳಿಸಿದ ಲಾಭದ ತೆರಿಗೆಯೂ ಮುಂಬೈ ಖಾತೆಯಲ್ಲೇ ಕಾಣುತ್ತದೆ. ಊರೂರಿನ ಡಾಲರ್ ಲೆಕ್ಕದ ಪಟ್ಟಿ ಕಂಡರೆ, ಯಾವ ಗೆರೆಯೊಳಗಿನದ್ದು, ಯಾರು ಹೇಗೆ ಅಂದಾಜು ಮಾಡಿದ್ದು ಅಂತ ಮೊದಲು ಕೇಳಿ.

ನನ್ನ ಮಟ್ಟಿಗೆ ಊರಿನ ಶಕ್ತಿಯ ಅಳತೆ ಬೇರೆ. ಮನೆ ಬಾಗಿಲಿನಿಂದ ಒಂದು ಗಂಟೆಯೊಳಗೆ ಎಷ್ಟು ಕೆಲಸಗಳು ಕೈಗೆ ಸಿಗುತ್ತವೆ? ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಗಳು ಒತ್ತೊತ್ತಾಗಿ ಯಾಕಿವೆ? ಕೊಳ್ಳುವವರಿಗೆ ಹತ್ತು ಅಂಗಡಿ ನೋಡೋಕೆ ಸಿಗುತ್ತದೆ, ಅಂಗಡಿಗೂ ಹತ್ತರಷ್ಟು ಜನ ಬರುತ್ತಾರೆ. ದೊಡ್ಡ ಊರು ಅಂದರೆ ಕೆಲಸದ ಚಿಕ್ಕಪೇಟೆ. ಒಳ್ಳೆ ಕೆಲಸಗಾರ, ಒಳ್ಳೆ ಕೆಲಸ ಇಬ್ಬರೂ ಬೇಗ ಸಿಗುವುದು ಅಲ್ಲೇ. ಆದರೆ ಒಂದು ಗಂಟೆಯೊಳಗೆ ಮುಟ್ಟಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಆ ಗಂಟೆ ಮುಗಿದರೆ, ಒಂದು ಕೋಟಿ ಜನರ ಊರು ಹತ್ತು ಸಣ್ಣ ಊರುಗಳಾಗಿ ಒಡೆದ ಹಾಗೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗದ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡತೊಡಗಿತು. ಗೆರೆ ಒಂದಿಂಚೂ ಸರಿಯಲಿಲ್ಲ. ಆದರೂ ಅವತ್ತು ಬೆಂಗಳೂರು ನಿಜವಾಗಿ ದೊಡ್ಡದಾಯಿತು.

ಗೆರೆಯಿಂದ ಏನೂ ಆಗಲ್ಲ ಅಂತಲ್ಲ. ತೆರಿಗೆ, ನೀರು, ರಸ್ತೆ ಎಲ್ಲ ಅದರ ಹಿಂದೆಯೇ ಬರುವುದು, ಕೆಲವೊಮ್ಮೆ ತುಂಬ ಹಿಂದೆ. ಸೇರಿಸಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ 5ನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ತಲೆ ಎಣಿಕೆಗೆ ಅವರು ಬೆಂಗಳೂರಿನವರಾಗಿ ಆಗಲೇ 17 ವರ್ಷ ಕಳೆದಿತ್ತು.

ಮುಂದಿನ ಜನಗಣತಿಯ ದಿನ 2027ರ ಮಾರ್ಚ್ 1. ಗಡಿ ಬದಲಿಸುವುದಿದ್ದರೆ 2025ರ ಡಿಸೆಂಬರ್ 31ರೊಳಗೆ ಮುಗಿಸಿ ಅಂತ ರಾಜ್ಯಗಳಿಗೆ ಹೇಳಿದ್ದರು. ನಮ್ಮ ಐದು ಗೆರೆಗಳು ಅಷ್ಟರಲ್ಲಿ ಬಿದ್ದಾಗಿತ್ತು. ಪಾಲಿಕೆಗಳ ಪಟ್ಟಿ ಬಂದಾಗ, ಹೋದ ಸಲ ಮೂರನೆಯ ಸಾಲಿನಲ್ಲಿದ್ದ ಬೆಂಗಳೂರನ್ನು ಐದು ಸಾಲುಗಳಲ್ಲಿ ಹುಡುಕಬೇಕು. ಭಾವ ಅದನ್ನು ಖಂಡಿತ ಕಳಿಸುತ್ತಾರೆ. ಅಂಟಿಕೊಂಡ ಊರುಗಳನ್ನೆಲ್ಲ ಕೂಡಿಸಿದ ಪಟ್ಟಿಯೂ ಬರಲಿ, ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಮಾತಾಡೋಣ ಅಂತ ಅವರಿಗೆ ಈಗಲೇ ಹೇಳಿಟ್ಟಿದ್ದೇನೆ.