ಭೂಕಂಪಕ್ಕೆ ಬೀಳಲಿಲ್ಲ, ಕೆಸರಿಗೆ ಸೋತಿತು

1923ರ ಸೆಪ್ಟೆಂಬರ್ 1. ಟೋಕಿಯೊದ ಇಂಪೀರಿಯಲ್ ಹೋಟೆಲಿನ ಹೊಸ ಕಟ್ಟಡಕ್ಕೆ ಅಂದು ಉದ್ಘಾಟನೆ, ಅತಿಥಿಗಳಿಗೆ ಊಟ. ಗಂಟೆ ಹನ್ನೆರಡಾಗಲು ಇನ್ನು ಎರಡೇ ನಿಮಿಷ. ನೆಲ ನಡುಗಿತು. ಮ್ಯಾನೇಜರ್ ಇನುಮಾರು ತೆತ್ಸುಜೊ ಮೊದಲು ಓಡಿದ್ದು ಅಡುಗೆಮನೆಗೆ, ಕರೆಂಟ್ ತೆಗೆಸಲು. ಭೂಕಂಪಕ್ಕಿಂತ ಅದರ ಹಿಂದೆ ಬಂದ ಬೆಂಕಿಯೇ ಜಾಸ್ತಿ ಜನರನ್ನು ನುಂಗಿತು. ಟೋಕಿಯೊ, ಯೊಕೊಹಾಮಾ ಕಡೆ ಸತ್ತವರು ಲಕ್ಷಕ್ಕೂ ಮೇಲೆ. ಹೋಟೆಲಿನವರು ಮಾತ್ರ ಅಂಗಳದ ಕೊಳದ ನೀರನ್ನೇ ಬಕೆಟಿನಲ್ಲಿ ಎತ್ತಿ ಕಟ್ಟಡ ಉಳಿಸಿಕೊಂಡರು.

ನಲವತ್ನಾಲ್ಕು ವರ್ಷ ಕಳೆದ ಮೇಲೆ ಅದೇ ಕಟ್ಟಡವನ್ನು ಕೆಡವಲು ಹೊರಟಾಗ ಹೋಟೆಲಿನ ಅಧ್ಯಕ್ಷರಾಗಿದ್ದವರು ಯಾರು ಗೊತ್ತಾ? ಇದೇ ಇನುಮಾರು.

ಕಟ್ಟಡದ ವಿನ್ಯಾಸ ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಅವರದು. ಜಾಗ ಕೆಟ್ಟದ್ದು. ಮೇಲೆ ಎಂಟಡಿ ಮಣ್ಣು, ಕೆಳಗೆ ಅರವತ್ತು ಅಡಿಗೂ ಮಿಕ್ಕಿ ಕೆಸರು. ಗಟ್ಟಿ ನೆಲ ಸಿಗುವವರೆಗೆ ಕಂಬ ಇಳಿಸುವುದು ವಾಡಿಕೆ. ರೈಟ್ ಹಾಗೆ ಮಾಡಲಿಲ್ಲ. ಗಿಡ್ಡ ಕಾಂಕ್ರೀಟ್ ಕಂಬಗಳನ್ನು ಒತ್ತೊತ್ತಾಗಿ ನೆಟ್ಟು, ಹಡಗು ನೀರಿನ ಮೇಲಿರುವಂತೆ ಕಟ್ಟಡವನ್ನು ಕೆಸರಿನ ಮೇಲೆ ತೇಲಿಸಿದರು. ಮಹಡಿಗಳಿಗೆ ಅವರೇ ಕೊಟ್ಟ ಹೋಲಿಕೆ ಚೆನ್ನಾಗಿದೆ: ಬೆರಳುಗಳ ಮೇಲೆ ತಟ್ಟೆ ನಿಲ್ಲಿಸಿಕೊಂಡು ಬರುವ ಸಪ್ಲೈಯರ್. ಆಧಾರ ನಡುವೆ ಮಾತ್ರ, ಅಂಚಿಗೆ ಏನೂ ಇಲ್ಲ.

ಗೋಡೆ, ಕಂಬಗಳಿಗೆ ಬಳಸಿದ್ದು ಓಯಾ ಕಲ್ಲು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು ಇದು, ತೋಚಿಗಿ ಕಡೆಯದು. ನಮ್ಮ ಕರಾವಳಿಯ ಮುರಕಲ್ಲು ನೋಡಿದವರಿಗೆ ಇದರ ತೂತು ತೂತು ಮೈ ಕಣ್ಣಿಗೆ ಕಟ್ಟುತ್ತದೆ. ನಡುನಡುವೆ ಕಂದು ಮಣ್ಣಿನ ಗಂಟುಗಳು. ಅಲ್ಲಿನವರು ಅದನ್ನು 'ಮಿಸೊ' ಎನ್ನುತ್ತಾರೆ, ಅಡುಗೆಗೆ ಹಾಕುವ, ಹುದುಗಿಸಿದ ಸೋಯಾ ಪೇಸ್ಟಿನ ಹೆಸರೇ. ಆ ಗಂಟು ಉದುರಿದರೆ ಉಳಿಯುವುದೇ ತೂತು. ಕಲ್ಲು ಮೆತ್ತಗಿದ್ದದ್ದರಿಂದ ರೈಟ್ ಇಂಚು ಬಿಡದೆ ಕೆತ್ತಿಸಿದರು. ಖರ್ಚು ಏರುತ್ತಲೇ ಹೋಯಿತು. 1922ರ ಏಪ್ರಿಲ್‌ನಲ್ಲಿ ಪಕ್ಕದ ಹಳೆಯ ಹೋಟೆಲ್ ಸುಟ್ಟುಹೋಗಿ, ರೈಟ್ ಅವರನ್ನು ಕರೆಸಿದ್ದ ಮ್ಯಾನೇಜರ್ ಹಯಾಶಿ ಐಸಾಕು ರಾಜೀನಾಮೆ ಕೊಟ್ಟರು. ಜುಲೈನಲ್ಲಿ ರೈಟ್ ಕೂಡ ಹೊರಟರು. ಕೆಲಸ ಮುಗಿಸಿದ್ದು ಶಿಷ್ಯ ಎಂಡೊ ಅರಾತಾ.

ಈ ಹೋಟೆಲಿನ ಕತೆಯಲ್ಲಿ ಎಲ್ಲಿ ನೋಡಿದರೂ ಅಪ್ಪ ಮಕ್ಕಳು. ರೈಟ್ ಮಗ ಜಾನ್ ಅಪ್ಪನ ಜೊತೆ ಇದೇ ಕೆಲಸದಲ್ಲಿದ್ದ. ಸಂಬಳದ ಜಗಳವಾಗಿ ಅಪ್ಪನೇ ಮಗನನ್ನು ಹೊರಹಾಕಿದ. ಊರಿಗೆ ಮರಳಿದ ಜಾನ್ ಒಂದಕ್ಕೊಂದು ಸಿಕ್ಕಿಸುವ ಮರದ ತುಂಡುಗಳ ಆಟಿಕೆ ಮಾಡಿದ, 'ಲಿಂಕನ್ ಲಾಗ್ಸ್'. ಅಮೆರಿಕದ ಮಕ್ಕಳು ಇವತ್ತಿಗೂ ಆಡುತ್ತಾರೆ. ಅದರ ಐಡಿಯಾ ಹೊಳೆದದ್ದು ಈ ಹೋಟೆಲಿನ ತಳಪಾಯ ನೋಡಿ ಎನ್ನುತ್ತಾರೆ. ಎಂಡೊ ಮಗ ರಾಕು 1957ರಲ್ಲಿ ರೈಟ್ ಬಳಿಯೇ ಕಲಿಯಲು ಅಮೆರಿಕಕ್ಕೆ ಹೋದ. ಹೋಟೆಲ್ ಕಟ್ಟಿಸಿದ ಸಾಹುಕಾರ ಒಕುರಾ ಕಿಹಾಚಿರೊ ಮಗನನ್ನು ಎರಡನೇ ಮಹಾಯುದ್ಧದ ನಂತರ ಜಪಾನನ್ನು ಆಳುತ್ತಿದ್ದ ಅಮೆರಿಕದವರು ಹೋಟೆಲಿನ ಹುದ್ದೆಯಿಂದ ಇಳಿಸಿದರು. ಆತ ಸುಮ್ನೆ ಕೂರಲಿಲ್ಲ. 1962ರಲ್ಲಿ ಅದೇ ಊರಲ್ಲಿ 'ಹೋಟೆಲ್ ಒಕುರಾ' ತೆರೆದ.

ಭೂಕಂಪದಲ್ಲಿ ಎಲ್ಲ ಬಿದ್ದು ಇದೊಂದೇ ನಿಂತಿತು ಎಂಬ ಮಾತನ್ನು ಹಬ್ಬಿಸಿದವರಲ್ಲಿ ರೈಟ್ ಅವರೇ ಮುಂದು. ಒಕುರಾ ಕಳಿಸಿದ ಹೊಗಳಿಕೆಯ ತಂತಿಯನ್ನು ತೋರಿಸಿಕೊಂಡು ಓಡಾಡಿದರು. ನಿಜವೇನೆಂದರೆ ಬೇರೆ ಕಟ್ಟಡಗಳೂ ನಿಂತಿದ್ದವು. ಇದರ ನಡುಭಾಗ ಆಗಲೇ ಕುಸಿಯಲು ಶುರುವಾಗಿತ್ತು. ಕಾಪಾಡುತ್ತದೆ ಎಂದು ನಂಬಿದ್ದ ಕೆಸರು ಪ್ರತಿ ವರ್ಷ ಇಷ್ಟಿಷ್ಟೇ ಒಳಗೆ ಎಳೆದುಕೊಂಡು, ಕೊನೆಗೆ ಕೆಲವು ಕಡೆ ಮೂರು ಅಡಿಗೂ ಜಾಸ್ತಿ ಇಳಿದಿತ್ತು. 1945ರ ಬಾಂಬಿಗೆ ಒಂದು ಪಕ್ಕವೂ ಊಟದ ದೊಡ್ಡ ಹಾಲೂ ಸುಟ್ಟವು. ಊರಿನ ಹೊಗೆಗೆ ಓಯಾ ಕಲ್ಲು ಪುಡಿಪುಡಿಯಾಗಿ ಉದುರತೊಡಗಿತು. ಅಷ್ಟರಲ್ಲಿ ಅಲ್ಲಿನ ಜಾಗದ ಬೆಲೆ ಎಲ್ಲಿಗೋ ಹೋಗಿತ್ತು. ಅಷ್ಟು ದೊಡ್ಡ ಜಾಗದಲ್ಲಿ ಮುನ್ನೂರೂ ಇಲ್ಲದ ಕೋಣೆಗಳು. ಲೆಕ್ಕ ಹಾಕುವವರು ಬಿಡ್ತಾರಾ?

ರೈಟ್ ಆಗಲೇ ತೀರಿಕೊಂಡಿದ್ದರು. ಅವರ ಹೆಂಡತಿ ಓಲ್ಗಿವಾನ್ನಾ 1967ರಲ್ಲಿ ಟೋಕಿಯೊಗೇ ಬಂದು ಕೆಡವಬೇಡಿ ಎಂದು ಬೇಡಿಕೊಂಡರು. ಆದರೂ ನವೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಇನುಮಾರು ಅವರನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಸೋರುವ, ವಾಲುವ ಕಟ್ಟಡವನ್ನು ದಿನಾ ನಡೆಸಿದವರು ಅವರು, ದೂರದಿಂದ ಹೊಗಳಿದವರಲ್ಲ. 1970ರಲ್ಲಿ ಅಲ್ಲಿ 17 ಮಹಡಿಯ ಕಟ್ಟಡ ಎದ್ದಿತು. ಮುಂದೆ ಅವರ ಮಗ ಇಚಿರೊ ಕೂಡ ಅದರ ಅಧ್ಯಕ್ಷರಾದರು.

ಹಳೆಯದರಲ್ಲಿ ಮುಂಭಾಗ, ಲಾಬಿ ಮಾತ್ರ ಉಳಿದವು. ಬಿಚ್ಚಿ, ನಗೊಯಾ ಹತ್ತಿರದ ಇನುಯಾಮಾದ ಮೆಯ್ಜಿ-ಮುರಾ ಬಯಲು ಮ್ಯೂಸಿಯಂಗೆ ಸಾಗಿಸಿ ಮತ್ತೆ ಕಟ್ಟಿದರು. ಮುಗಿಯುವಷ್ಟರಲ್ಲಿ 1985. ಓಯಾ ಕಲ್ಲು ಬಹಳ ಕಡೆ ಕೈಕೊಟ್ಟಿದ್ದರಿಂದ ಅದೇ ಕೆತ್ತನೆಯನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದು ಕೂರಿಸಿದ್ದಾರೆ. ಮೇಲಿನ ಅಟ್ಟದಲ್ಲಿ ಕಾಫಿ ಸಿಗುತ್ತದೆ. ಕಟ್ಟಡ ಈಗ ಗಟ್ಟಿ ನೆಲದ ಮೇಲಿದೆ.