ಮರುಬಳಕೆ, ದುರಸ್ತಿ, ಬಾಡಿಗೆ: ಕಸದ ಬುಟ್ಟಿಗೂ ಮೊದಲಿನ ಮೆಟ್ಟಿಲುಗಳು

ಈ ಅಧ್ಯಾಯದಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ತೊಡಕು ‘ಮರುಬಳಕೆ’ ಎಂಬ ಪದದ್ದು. ಹಾರ್ಲಿಕ್ಸ್ ಬಾಟಲಿಯನ್ನು ತೊಳೆದು ಒಣಗಿಸಿ ಕಾಫಿಪುಡಿ ತುಂಬಿಡುವುದನ್ನೂ, ಅದೇ ಬಾಟಲಿ ಗುಜರಿಗೆ ಹೋಗಿ, ಚೂರಾಗಿ, ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಕರಗಿ ಹೊಸ ಗಾಜಾಗುವುದನ್ನೂ ನಾವು ಅದೇ ಪದದಿಂದ ಕರೆಯುತ್ತೇವೆ. ಮೊದಲನೆಯದರಲ್ಲಿ ಬಾಟಲಿ ಬಾಟಲಿಯಾಗಿಯೇ ಉಳಿಯುತ್ತದೆ. ಎರಡನೆಯದರಲ್ಲಿ ಉಳಿಯುವುದು ಕಚ್ಚಾವಸ್ತು ಮಾತ್ರ, ಅದಕ್ಕೆ ಇಂಧನವೂ ಸಾಗಣೆಯೂ ಹೊಸದಾಗಿ ಬೇಕು. ಆದ್ದರಿಂದ ಎರಡನೆಯದನ್ನು ಇಲ್ಲಿ ‘ಮರುಸಂಸ್ಕರಣೆ’ ಎಂದೇ ಕರೆದಿದ್ದೇನೆ.

ಐರೋಪ್ಯ ಒಕ್ಕೂಟದ 2008ರ ತ್ಯಾಜ್ಯ ನಿರ್ದೇಶನವು ಐದು ಮೆಟ್ಟಿಲುಗಳನ್ನು ಹೇಳುತ್ತದೆ: ಕಸವಾಗದಂತೆ ತಡೆಯುವುದು, ಮರುಬಳಕೆಗೆ ಅಣಿಗೊಳಿಸುವುದು, ಮರುಸಂಸ್ಕರಣೆ, ಶಕ್ತಿ ಮೊದಲಾದವನ್ನು ಮರಳಿ ಪಡೆಯುವುದು, ಕೊನೆಗೆ ವಿಲೇವಾರಿ. ನಮ್ಮ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಬೇರ್ಪಡಿಸಲು ಹೇಳಿದವು. ಅದು ಅಗತ್ಯವೇ, ಆದರೆ ಬೇರ್ಪಡಿಸುವ ಹೊತ್ತಿಗೆ ವಸ್ತು ಆಗಲೇ ಕಸವಾಗಿರುತ್ತದೆ ಎಂಬುದನ್ನು ಮರೆಯಬಾರದು.

ದುರಸ್ತಿಯ ಬೆಲೆ ತಿಳಿಯಲು ಚಿಕ್ಕಮಗಳೂರಿನ ಮಳೆಗಾಲದ ಕೊಡೆಯನ್ನೇ ನೋಡಬಹುದು. ಉಕ್ಕಿನ ಕಡ್ಡಿ, ನೈಲಾನ್ ಬಟ್ಟೆ, ಪ್ಲಾಸ್ಟಿಕ್ ಹಿಡಿ ಮೂರೂ ಸೇರಿಕೊಂಡ ಕೊಡೆಯನ್ನು ಬಿಡಿಸಿ ಮರುಸಂಸ್ಕರಿಸುವುದು ಕಷ್ಟ ಮತ್ತು ಲಾಭವಿಲ್ಲದ ಕೆಲಸ. ಮುರಿದ ಒಂದು ಕಡ್ಡಿಯನ್ನು ಬದಲಿಸುವುದಾದರೋ ರಸ್ತೆ ಬದಿಯಲ್ಲಿ ಕೂತ ಕೊಡೆ ರಿಪೇರಿಯವರಿಗೆ ಕೆಲವೇ ನಿಮಿಷಗಳ ಕೆಲಸ. ಹಾಸನದ ನಮ್ಮ ಮನೆಯ ಮಿಕ್ಸಿ ಸದ್ದು ಮಾಡಿದರೂ ರುಬ್ಬದೆ ನಿಂತಾಗ, ಒಂದು ಅಂಗಡಿಯವರು ಹೊಸದನ್ನೇ ಕೊಳ್ಳಲು ಹೇಳಿದರು. ಇನ್ನೊಬ್ಬ ಮೆಕ್ಯಾನಿಕ್ ಜಾರ್ ಎತ್ತಿ, ಅದರ ಕೆಳಗಿನ ಕಪ್ಲರಿನ ಸವೆದ ಹಲ್ಲುಗಳನ್ನು ಬೆರಳಿಂದ ಮುಟ್ಟಿಸಿ ತೋರಿಸಿದರು. ಮೋಟಾರು ತಿರುಗುತ್ತಿದೆ, ಬ್ಲೇಡಿಗೆ ಆ ತಿರುಗು ತಲುಪುತ್ತಿಲ್ಲ, ಅಷ್ಟೇ. ಹೊರೆ ಹೆಚ್ಚಾದಾಗ ಮೋಟಾರಿಗೆ ಪೆಟ್ಟಾಗದಿರಲೆಂದು ಮೊದಲು ಸವೆಯುವ ಅಗ್ಗದ ಭಾಗವೇ ಕಪ್ಲರ್. ಅದು ಸವೆದದ್ದಕ್ಕೆ ಇಡೀ ಮಿಕ್ಸಿಯನ್ನು ಎಸೆದರೆ ತಾಮ್ರದ ಸುರುಳಿಯಿರುವ ಗಟ್ಟಿಮುಟ್ಟಾದ ಮೋಟಾರೂ ಇ-ತ್ಯಾಜ್ಯವಾಗುತ್ತದೆ. ಫ್ಯಾನ್ ನಿಧಾನವಾದಾಗಲೂ ಹೀಗೆಯೇ, ಬಹಳ ಸಲ ಬದಲಿಸಬೇಕಾದದ್ದು ಕೆಪಾಸಿಟರ್ ಒಂದನ್ನೇ.

ಬಾಡಿಗೆಯ ಪದ್ಧತಿ ನಮಗೆ ಹೊಸದಲ್ಲ. ಗೃಹಪ್ರವೇಶಕ್ಕೆ ಕೊಪ್ಪರಿಗೆ, ಸ್ಟೀಲ್ ತಟ್ಟೆ, ಕುರ್ಚಿಗಳನ್ನು ಶಾಮಿಯಾನ ಅಂಗಡಿಯಿಂದ ತರುವವರು ಒಂದೇ ಸಾಮಾನನ್ನು ನೂರಾರು ಮನೆಗಳೊಡನೆ ಹಂಚಿಕೊಳ್ಳುತ್ತಾರೆ. ಬಳಸಿ ಬಿಸಾಡುವ ತಟ್ಟೆ ಲೋಟಗಳ ರಾಶಿಯೂ ತಪ್ಪುತ್ತದೆ. ಅಪರೂಪಕ್ಕೆ ಬೇಕಾಗುವ, ಬಾಳಿಕೆ ಬರುವ ಸಾಮಾನುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ವಾರಕ್ಕೆರಡು ಸಲ ಬೇಕಾಗುವ ವಸ್ತುವನ್ನು ಪ್ರತಿಸಲವೂ ಆಟೋದಲ್ಲಿ ತಂದು ಹಿಂದಿರುಗಿಸುವುದಾದರೆ ಉಳಿಸಿದ್ದೆಲ್ಲ ಇಂಧನಕ್ಕೇ ಹೋಗುತ್ತದೆ. ಅಂಥದ್ದನ್ನು ಬಿಡಿಭಾಗ ಸಿಗುವ ಮಾದರಿ ನೋಡಿ ಕೊಂಡು, ಕೆಟ್ಟಾಗ ದುರಸ್ತಿ ಮಾಡಿಸಿ ಬಳಸುವುದೇ ಸರಿ.