ತವರದ ಕಲ್ಲು ಮತ್ತು ‘ನಿಕ್ಷೇಪ’ವೆಂಬ ಮಾತು

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ, ನೆಲದೊಳಗೆ ಇನ್ನೂ ಏನೋ ಇದೆಯೆಂಬ ನಂಬಿಕೆ ನಮ್ಮ ಸೀಮೆಯವರನ್ನು ಬಿಟ್ಟಿಲ್ಲ. ನನ್ನಂಥ ನಿವೃತ್ತ ಭೂವಿಜ್ಞಾನಿಯೊಬ್ಬ ಇಲ್ಲಿದ್ದಾನೆಂದು ತಿಳಿದರೆ ಸಾಕು, ಟವೆಲಿನಲ್ಲಿ ಕಟ್ಟಿದ ಗಂಟೊಂದು ಜಗಲಿಗೆ ಬರುತ್ತದೆ. ಬಿಚ್ಚಿದರೆ ಒಳಗಿರುವುದು ಬಹುಮಟ್ಟಿಗೆ ಟೂರ್ಮಲಿನ್ ಎಂಬ ಕರಿ ಹರಳು, ಇಲ್ಲವೇ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು.

ಕಳೆದ ಬೇಸಿಗೆಯಲ್ಲಿ ಮುಳಬಾಗಿಲಿನ ಲಾರಿ ಮಾಲೀಕರೊಬ್ಬರು ತಂದದ್ದು ಮಾತ್ರ ಬೇರೆ. ಛತ್ತೀಸಗಢದ ಬಸ್ತರ್ ಕಡೆಗೆ ಲೋಡು ಒಯ್ದಿದ್ದ ಅವರ ಚಾಲಕ, ಕಟೇಕಲ್ಯಾಣದ ಬಳಿ ಯಾರೋ ಕೊಟ್ಟರೆಂದು ತಂದಿದ್ದ ಕಂದುಗಪ್ಪು ಕಲ್ಲದು. ನಿಂಬೆಹಣ್ಣಿನ ಗಾತ್ರ, ಅಂಗೈಯಲ್ಲಿಟ್ಟರೆ ಕೈ ಒಮ್ಮೆ ಕೆಳಗಿಳಿಯುವಷ್ಟು ಭಾರ. ಸಣ್ಣ ಚೂರೊಂದನ್ನು ಸತುವಿನ ತುಣುಕಿನ ಜೊತೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟೆ. ಗುಳ್ಳೆಗಳೆದ್ದು, ಕೆಲವು ನಿಮಿಷಗಳಲ್ಲಿ ಚೂರಿನ ಮೇಲೆ ಬೂದು ಪೊರೆ ಕಟ್ಟಿತು. ತೊಳೆದು ಬಟ್ಟೆಯಿಂದ ಉಜ್ಜಿದಾಗ ಹೊಸದಾಗಿ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯ ಒಳಮೈಯಂತೆ ಹೊಳೆಯಿತು. ಅದು ಕ್ಯಾಸಿಟರೈಟ್, ತವರದ ಮುಖ್ಯ ಅದಿರು. ಶುದ್ಧವಾಗಿದ್ದರೆ ಅದರ ತೂಕದಲ್ಲಿ ಶೇ. 78ಕ್ಕೂ ಹೆಚ್ಚು ತವರವೇ.

“ಹಾಗಾದರೆ ಅಲ್ಲಿ ನಿಕ್ಷೇಪ ಇದೆ ಅಂತಾಯ್ತಲ್ಲ ಸಾರ್, ಜಾಗ ಹಿಡಿಯೋಣವಾ?” ಎಂದರು ಮಾಲೀಕರು.

ನನ್ನನ್ನು ರೇಗಿಸುವುದು ಈ ನಿಕ್ಷೇಪವೆಂಬ ಮಾತು. ನಮ್ಮ ಶಾಸನಗಳ ದತ್ತಿಗಳಲ್ಲಿ ಬರುವ ‘ನಿಧಿ ನಿಕ್ಷೇಪ ಜಲ ಪಾಷಾಣ’ದ ನಿಕ್ಷೇಪವೆಂದರೆ ಯಾರೋ ಹೂತಿಟ್ಟದ್ದು, ಅಗೆದರೆ ಇಟ್ಟಷ್ಟೂ ಸಿಗುವಂಥದ್ದು. ಪತ್ರಿಕೆಗಳು ಅದೇ ಪದವನ್ನು ಖನಿಜ ಕಂಡ ಜಾಗಕ್ಕೂ, ಅಂದಾಜಿನ ಸಂಪನ್ಮೂಲಕ್ಕೂ, ಲಾಭಕ್ಕೆ ತೆಗೆಯಬಲ್ಲ ಅದಿರಿಗೂ ಒಂದೇ ಸಮನೆ ಬಳಸುತ್ತವೆ. ಮಂಡ್ಯದ ಮರ್ಲಗಲ್ಲದ ಲಿಥಿಯಂ ಸುದ್ದಿಯಲ್ಲಿ 1,600 ಟನ್ ಎಂಬ ಅಂಕಿ ಎಲ್ಲರಿಗೂ ನೆನಪಿದೆ. ಅದು ಕೇವಲ ಅನುಮಾನಿತ (ಇನ್‌ಫರ್ಡ್) ದರ್ಜೆಯ, ಅಂದರೆ ಕಡಿಮೆ ಖಚಿತತೆಯ ಅಂದಾಜೆಂಬುದು ಯಾರಿಗೂ ನೆನಪಿಲ್ಲ.

ಮಾಲೀಕರಿಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದೆ. ಅದಿರಿನ ಎಳೆ 10 ಸೆಂಟಿಮೀಟರ್ ದಪ್ಪವಿದೆ, ಅದರಲ್ಲಿ ಶೇ. 6ರಷ್ಟು ತವರವಿದೆ ಎಂದುಕೊಳ್ಳೋಣ. ಮನುಷ್ಯ ನಿಂತು ಕೆಲಸ ಮಾಡಲು ಒಂದೂವರೆ ಮೀಟರ್ ಅಗಲವಾದರೂ ಕೊರೆಯಬೇಕು. ಆಗ ಎಳೆಯ ಜೊತೆಗೆ ಹದಿನಾಲ್ಕು ಪಟ್ಟು ಬರಿಯ ಬಂಡೆಯೂ ಹೊರಬರುತ್ತದೆ. ಶೇ. 6 ಎಂಬುದು ಶೇ. 0.4 ಆಯಿತು, ಅಂದರೆ ಟನ್ನಿಗೆ 4 ಕಿಲೋ. ಕ್ಯಾಸಿಟರೈಟ್ ಗಟ್ಟಿಯಾದರೂ ಬೇಗ ಒಡೆಯುವಂಥದ್ದು; ಅರೆಯುವಾಗ ಪುಡಿಯಾಗಿ ನೀರಿನೊಡನೆ ಹರಿದುಹೋಗುವ ಪಾಲನ್ನು ಕಳೆದು ಶೇ. 70 ದಕ್ಕಿತೆಂದರೂ, ಉಳಿದದ್ದು 2.8 ಕಿಲೋ. ಕೈಯಲ್ಲಿದ್ದ ಕಲ್ಲು ಈ ಲೆಕ್ಕದೊಳಗೆ ಎಲ್ಲಿಯೂ ಇಲ್ಲ, ಏಕೆಂದರೆ ಅದು ಆಯ್ದು ತಂದ ಕಲ್ಲು.

ಬಸ್ತರಿನ ತವರವಿರುವುದು ಪೆಗ್ಮಟೈಟ್ ಎಂಬ ದಪ್ಪ ಹರಳಿನ ಬಂಡೆಗಳಲ್ಲಿ ಎಂಬುದು ಇನ್ನೊಂದು ತೊಡಕು. ಗ್ರಾನೈಟ್ ಆರುವಾಗ ಕೊನೆಗುಳಿಯುವ ನೀರುಳ್ಳ ರಸದಲ್ಲಿ, ಸಾಮಾನ್ಯ ಖನಿಜಗಳೊಳಗೆ ಸೇರಲಾರದ ತವರ, ಲಿಥಿಯಂ, ಟ್ಯಾಂಟಲಂ ಒಟ್ಟುಗೂಡಿ ಬಿರುಕುಗಳಲ್ಲಿ ಹೆಪ್ಪುಗಟ್ಟುತ್ತವೆ. ಹರಳುಗಳು ದಪ್ಪ, ಹಂಚಿಕೆ ಮಾತ್ರ ಬಿಸಿಬೇಳೆಬಾತಿನ ಗೋಡಂಬಿಯಂತೆ: ಒಂದು ಸೌಟಿಗೆ ನಾಲ್ಕು, ಮುಂದಿನದಕ್ಕೆ ಒಂದೂ ಇಲ್ಲ. ಆದ್ದರಿಂದ ಪರೀಕ್ಷೆಗೆಂದು ಕೊರೆದ ಒಂದೆರಡು ರಂಧ್ರಗಳ ಫಲಿತಾಂಶವನ್ನು ನಂಬಿ ನಾನಂತೂ ಸಹಿ ಹಾಕಲಾರೆ. ಟನ್ನುಗಟ್ಟಲೆ ಬಂಡೆಯನ್ನೇ ತೆಗೆದು ಅರೆದು ನೋಡಬೇಕು, ಅದಕ್ಕೆ ಕಾಡಿನೊಳಗೆ ರಸ್ತೆ, ವಿದ್ಯುತ್ತು, ನೀರು ಬೇಕು. ಅಲ್ಲಿನ ಆದಿವಾಸಿಗಳು ಹಳ್ಳದ ಜಲ್ಲಿಯನ್ನು ತೊಳೆದು ಅದಿರು ಕೂಡಿಸಿ ಮಾರುತ್ತಾರೆ, ನಿಜ. ಆದರೆ ಆ ಜಲ್ಲಿಯಲ್ಲಿ ಬಂಡೆಯನ್ನು ಕರಗಿಸಿ, ಹಗುರವಾದದ್ದನ್ನು ಒಯ್ದು, ಭಾರವಾದದ್ದನ್ನು ಉಳಿಸುವ ಕೆಲಸವನ್ನು ಮಳೆಯೇ ಮಾಡಿಟ್ಟಿದೆ. ಕೆಳಗಿನ ಬಂಡೆಯೂ ಅಷ್ಟೇ ಸಮೃದ್ಧವೆಂದು ಅದರಿಂದ ಹೇಳಲಾಗದು.

ಇನ್ನು ಜಾಗ ಹಿಡಿಯುವ ಮಾತು. ಗಣಿ ಮತ್ತು ಖನಿಜ ಕಾಯ್ದೆಯ 2023ರ ತಿದ್ದುಪಡಿಯ ನಂತರ ತವರದ ಅದಿರಿನ ಗುತ್ತಿಗೆಯನ್ನು ಹರಾಜು ಹಾಕುವುದು ಕೇಂದ್ರ ಸರ್ಕಾರ. ನೆಲ ಕೊಂಡವರಿಗೆ ಖನಿಜ ತೆಗೆಯುವ ಹಕ್ಕು ತಾನಾಗಿ ಬರುವುದಿಲ್ಲ.

ಮಾಲೀಕರು ಎಲ್ಲವನ್ನೂ ಕೇಳಿಸಿಕೊಂಡು, “ಆದರೂ ಕಲ್ಲು ಒಳ್ಳೇದೇ ಅಲ್ಲವಾ ಸಾರ್?” ಎಂದರು. ಒಳ್ಳೆಯದೇ, ಅನುಮಾನವಿಲ್ಲ. ಇನ್ನು ಮುಂದೆ ಗಂಟು ತರುವವರು ದಯವಿಟ್ಟು ಕಲ್ಲು ಬಂಡೆಯಲ್ಲಿದ್ದ ಜಾಗದ ಫೋಟೋ, ಅಡ್ಡಲಾಗಿ ಅಳೆದ ಎಳೆಯ ದಪ್ಪ, ಮತ್ತು ಅಕ್ಕಪಕ್ಕದ ಬರಿಯ ಬಂಡೆಯ ಎರಡು ಚೂರುಗಳನ್ನೂ ತರಬೇಕು.